ಎರಡು ಹೆಸರಿನ ಸಾಲ, ಒಂದೇ ಮನೆಯ ಲೆಕ್ಕ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳನ್ನು ಕಬ್ಬು ಮತ್ತು ತಂಬಾಕಿನ ಸೀಮೆಯೆಂದು, ಆದ್ದರಿಂದಲೇ ಹಣವಂತರ ಸೀಮೆಯೆಂದು ಹೊರಗಿನವರು ಭಾವಿಸುವುದುಂಟು. ಆದರೆ ಇಲ್ಲಿಯ ಸಾಮಾನ್ಯ ಕುಟುಂಬಕ್ಕೆ ಹಣದ ಮೊತ್ತದಷ್ಟೇ ಅದು ಕೈಸೇರುವ ಕಾಲವೂ ತೊಡಕಾಗಿದೆ. ಕಬ್ಬಿನ ಬಿಲ್ಲು ನುರಿಸುವ ಹಂಗಾಮಿನ ನಂತರ ವರ್ಷಕ್ಕೆ ಒಂದೆರಡು ಬಾರಿ ಬರುತ್ತದೆ, ಹಾಲಿನ ಹಣ ಮತ್ತು ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಕ್ಕಳ ಮಜೂರಿ ಸಣ್ಣ ಸಣ್ಣ ಮೊತ್ತಗಳಲ್ಲಿ ಬರುತ್ತವೆ, ಖರ್ಚು ಮಾತ್ರ ದಿನವೂ ಇರುತ್ತದೆ. ಈ ಅಂತರವನ್ನು ತುಂಬಲು ಬಂದ ಸಾಲ ಮನೆಯಲ್ಲೇ ನೆಲೆಸಿಬಿಟ್ಟಾಗ ಅದನ್ನು ಹೊರಹಾಕುವ ಕೆಲಸ ಗಂಡನೊಬ್ಬನಿಂದಾಗಲಿ ಹೆಂಡತಿಯೊಬ್ಬಳಿಂದಾಗಲಿ ಆಗುವುದಿಲ್ಲ. ಇಬ್ಬರೂ ಒಂದೇ ಹಾಳೆಯ ಮುಂದೆ ಕೂರಬೇಕಾಗುತ್ತದೆ.

ಎರಡು ವಹಿಗಳು

ಈ ಭಾಗದ ಮನೆಗಳಲ್ಲಿ ಸಾಲ ಸಾಮಾನ್ಯವಾಗಿ ಎರಡು ದಾರಿಗಳಿಂದ ಒಳಬರುತ್ತದೆ. ಕೃಷಿ ಪತ್ತಿನ ಸಹಕಾರ ಸಂಘದ, ಅಂದರೆ ಜನರ ಮಾತಿನ ಸೊಸೈಟಿಯ ಬೆಳೆಸಾಲ, ಪೈಪ್‌ಲೈನಿಗೆ ತೆಗೆದ ಸಾಲ, ಗೊಬ್ಬರದ ಅಂಗಡಿಯ ಉದ್ರಿ ಮತ್ತು ಖಾಸಗಿಯವರಿಂದ ತಂದ ಕೈಗಡ ಗಂಡನ ಹೆಸರಿನಲ್ಲಿದ್ದರೆ, ಸ್ತ್ರೀಶಕ್ತಿ ಗುಂಪಿನ ಸಾಲ ಮತ್ತು ಮೈಕ್ರೋಫೈನಾನ್ಸ್ ಸಂಸ್ಥೆಗಳ ಸಾಲ ಹೆಂಡತಿಯ ಹೆಸರಿನಲ್ಲಿರುತ್ತವೆ. ಅವಳ ಬಂಗಾರ ಅಡವಿಗೆ ಹೋಗಿದ್ದರೂ ಅಡವಿನ ಪಾವತಿ ಚೀಟಿ ಯಾರ ಹೆಸರಿನಲ್ಲಿದೆ, ಬಡ್ಡಿ ಎಷ್ಟಾಗಿದೆ ಎಂಬುದು ಅವಳಿಗೆ ತಿಳಿಯದಿರುವುದೂ ಉಂಟು. ಒಬ್ಬರ ಕಂತು ಕಟ್ಟಲು ಇನ್ನೊಬ್ಬರು ಹೊಸ ಸಾಲ ಎತ್ತಿದರೆ ಎರಡು ವಹಿಗಳೂ ತಮ್ಮ ತಮ್ಮಷ್ಟಕ್ಕೆ ಸರಿಯಾಗಿ ಕಾಣುತ್ತವೆ. ಒಟ್ಟು ಸಾಲ ಬೆಳೆದದ್ದು ಯಾವ ವಹಿಯಲ್ಲೂ ಕಾಣುವುದಿಲ್ಲ.

ಭಾರತೀಯ ರಿಸರ್ವ್ ಬ್ಯಾಂಕು 2022ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ವಾರ್ಷಿಕ ಆದಾಯ 3 ಲಕ್ಷ ರೂಪಾಯಿಯವರೆಗಿನ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವನ್ನು ಅವು ಮೈಕ್ರೋಫೈನಾನ್ಸ್ ಸಾಲವೆಂದು ಗುರುತಿಸುತ್ತವೆ, ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳನ್ನು ಒಂದೇ ಕುಟುಂಬವೆಂದು ಎಣಿಸುತ್ತವೆ. ಆ ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂಬ ಮಿತಿಯೂ ಇದೆ. ವರ್ಷಕ್ಕೆ 2,40,000 ರೂಪಾಯಿ ಗಳಿಸುವ ಮನೆಗೆ ತಿಂಗಳ ಆದಾಯ 20,000 ರೂಪಾಯಿಯಾದ್ದರಿಂದ, ಇಬ್ಬರ ಹೆಸರಿನ ಎಲ್ಲ ಕಂತುಗಳೂ ಸೇರಿ 10,000 ರೂಪಾಯಿಯೊಳಗಿರಬೇಕು. ನಿಯಮ ಒಂದೆಂದು ಎಣಿಸುವ ಮನೆ ತನ್ನ ಸಾಲವನ್ನು ತಾನೇ ಎರಡಾಗಿ ಎಣಿಸುತ್ತಿದ್ದರೆ ಮೊದಲು ತಿದ್ದಬೇಕಾದದ್ದು ಅದನ್ನೇ.

ಬಡ್ಡಿಯನ್ನು ಒಂದೇ ಅಳತೆಗೆ ತರುವುದು

ಆದ್ದರಿಂದ ಜಮಾ-ಖರ್ಚಿನ ಮೊದಲ ಹಾಳೆಯಲ್ಲಿ ಇಬ್ಬರ ಎಲ್ಲ ಸಾಲಗಳೂ ಬರಬೇಕು: ಯಾರಿಂದ, ಎಷ್ಟು, ಯಾವ ಬಡ್ಡಿಗೆ, ಯಾವ ಗಡುವಿಗೆ, ಏನನ್ನು ಅಡವಿಟ್ಟು. ಇಲ್ಲಿ ಬಡ್ಡಿಯನ್ನು ಬೇರೆ ಬೇರೆ ರೀತಿಯಲ್ಲಿ ಹೇಳುವುದರಿಂದ ಎಲ್ಲವನ್ನೂ ವಾರ್ಷಿಕ ದರಕ್ಕೆ ತಂದು ಬರೆಯುವುದು ಅಗತ್ಯ. ತಿಂಗಳಿಗೆ ನೂರಕ್ಕೆ ಮೂರು ಎಂದರೆ ಕೇಳಲು ಸಣ್ಣದಾದರೂ ವರ್ಷಕ್ಕೆ ಶೇ. 36 ಆಗುತ್ತದೆ. ಕಂತು ಕಟ್ಟಿ ಅಸಲು ಇಳಿದರೂ ಮೊದಲಿನ ಪೂರ್ಣ ಮೊತ್ತದ ಮೇಲೆಯೇ ಬಡ್ಡಿ ಹಾಕುವ ಪದ್ಧತಿಗೆ ಫ್ಲಾಟ್ ದರ ಎನ್ನುತ್ತಾರೆ. ಎರಡು ವರ್ಷದ ತಿಂಗಳ ಕಂತಿನ ಸಾಲಕ್ಕೆ ಫ್ಲಾಟ್ ಶೇ. 12 ಎಂದರೆ ಇಳಿಕೆ ಬಾಕಿಯ ಲೆಕ್ಕದಲ್ಲಿ ಅದು ಶೇ. 21ನ್ನು ದಾಟುತ್ತದೆ. ಮೈಕ್ರೋಫೈನಾನ್ಸ್ ಸಾಲ ಪಡೆಯುವವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ದರದ ವಿವರಪತ್ರ ಕೊಡಬೇಕೆಂಬ ನಿಯಮವಿರುವುದರಿಂದ, ಆ ಪತ್ರವನ್ನು ಕೇಳಿ ಪಡೆದು ಇಬ್ಬರೂ ಓದಿಕೊಳ್ಳಬೇಕು.

ತೀರಿಸುವ ಕ್ರಮ ಈ ಹಾಳೆಯಿಂದಲೇ ಹೊರಡುತ್ತದೆ. ಕರ್ನಾಟಕ ಸರ್ಕಾರ ಸಹಕಾರ ಸಂಘಗಳ ಅಲ್ಪಾವಧಿ ಬೆಳೆಸಾಲಕ್ಕೆ ಶೂನ್ಯ ಬಡ್ಡಿಯ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಗಡುವು ತಪ್ಪಿದರೆ ಆ ರಿಯಾಯಿತಿ ಕೈತಪ್ಪುತ್ತದೆ, ಆದ್ದರಿಂದ ಸೊಸೈಟಿಯ ಸಾಲವನ್ನು ಬೇಗ ತೀರಿಸುವ ಅವಸರ ಬೇಡವಾದರೂ ಗಡುವಿನ ದಿನ ಮೀರಕೂಡದು. ಉಳಿದ ಸಾಲಗಳ ಕನಿಷ್ಠ ಕಂತುಗಳನ್ನು ಕಟ್ಟುತ್ತ, ಮಿಗುವ ಹಣವನ್ನೆಲ್ಲ ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಹಾಕುವುದು ಲೆಕ್ಕದ ದೃಷ್ಟಿಯಿಂದ ಸರಿಯಾದ ದಾರಿ. ಮೈಕ್ರೋಫೈನಾನ್ಸ್ ಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ವಿಧಿಸುವಂತಿಲ್ಲ ಎಂಬುದೂ ಇಲ್ಲಿ ನೆರವಿಗೆ ಬರುತ್ತದೆ.

ಉದಾಹರಣೆಗೆ, ನೂರಕ್ಕೆ ಮೂರರ ಬಡ್ಡಿಯ 50,000 ರೂಪಾಯಿ ಕೈಗಡಕ್ಕೆ ವರ್ಷಕ್ಕೆ 18,000 ರೂಪಾಯಿ ಬಡ್ಡಿ ಹೋಗುತ್ತದೆ. ಬ್ಯಾಂಕಿನಲ್ಲಿ ಶೇ. 12ಕ್ಕೆ ಬಂಗಾರ ಅಡವಿಟ್ಟು ಅದನ್ನು ಚುಕ್ತಾ ಮಾಡಿದರೆ ಬಡ್ಡಿ 6,000ಕ್ಕೆ ಇಳಿದು 12,000 ರೂಪಾಯಿ ಉಳಿಯುತ್ತದೆ. ಆದರೆ ಆ ಬಂಗಾರ ಹೆಂಡತಿಯದು, ಕಷ್ಟಕಾಲಕ್ಕೆ ಅವಳಿಗಿರುವ ಆಸರೆ. ಆದ್ದರಿಂದ ನಿರ್ಧಾರ ಅವಳದಾಗಬೇಕು, ಪಾವತಿ ಚೀಟಿ ಅವಳ ಕೈಯಲ್ಲಿರಬೇಕು, ಉಳಿದ 12,000 ರೂಪಾಯಿ ಮೊದಲು ಆ ಬಂಗಾರವನ್ನು ಬಿಡಿಸಲು ಹೋಗಬೇಕು. ಈ ಮೂರೂ ಇಲ್ಲದಿದ್ದರೆ ಗಂಡನ ಸಾಲ ಹೆಂಡತಿಯ ಕೊರಳಿಗೆ ವರ್ಗವಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹಂಗಾಮಿಗೆ ತಕ್ಕ ಬಜೆಟ್

ಪಗಾರದ ಮನೆಗಳಿಗಾಗಿ ರೂಪುಗೊಂಡ ತಿಂಗಳ ಬಜೆಟ್ ಕಬ್ಬಿನ ಮನೆಗೆ ಹೊಂದುವುದಿಲ್ಲ. ಇಲ್ಲಿ ಬೇಕಾದದ್ದು ಒಂದು ಹಂಗಾಮಿನಿಂದ ಮುಂದಿನ ಹಂಗಾಮಿನವರೆಗಿನ ಲೆಕ್ಕ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಪಾವತಿಸಬೇಕು, ತಡವಾದರೆ ವಾರ್ಷಿಕ ಶೇ. 15ರ ಬಡ್ಡಿ ಸೇರಿಸಬೇಕು. ಆದರೂ ಬಾಕಿ ಉಳಿಯುವುದು ಬೆಳೆಗಾರರಿಗೆ ಹೊಸದಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ. 10.25ರ ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ ನಿಗದಿ ಮಾಡಿತಾದರೂ, ಅದು ಕಾರ್ಖಾನೆಯ ಬಾಗಿಲಿಗೆ ಮುಟ್ಟಿಸಿದ ಕಬ್ಬಿನ ದರವಾದ್ದರಿಂದ ಕಟಾವು ಮತ್ತು ಸಾಗಣೆಯ ವೆಚ್ಚ ಅದರಲ್ಲೇ ಕಳೆದುಹೋಗುತ್ತದೆ. ಹೀಗಾಗಿ ಘೋಷಿತ ದರವನ್ನು ನಂಬಿ ಮದುವೆಯ ಖರ್ಚನ್ನೋ ವಾಹನದ ಕಂತನ್ನೋ ಮೊದಲೇ ಒಪ್ಪಿಕೊಳ್ಳದೆ, ಖಾತೆಗೆ ಜಮೆಯಾದ ಹಣವನ್ನಷ್ಟೇ ಬಜೆಟ್ಟಿಗೆ ತರುವುದು ಕ್ಷೇಮ.

ಬಿಲ್ಲು ಜಮೆಯಾದ ಮೇಲೆ ಸೊಸೈಟಿಯ ಸಾಲ ಮತ್ತು ಮುಂದಿನ ಬೆಳೆಯ ವೆಚ್ಚವನ್ನು ತೆಗೆದಿಟ್ಟು 1,20,000 ರೂಪಾಯಿ ಉಳಿದರೆ ಅದು ದೊಡ್ಡ ಮೊತ್ತವಾಗಿ ಕಾಣುತ್ತದೆ. ಹನ್ನೆರಡು ತಿಂಗಳಿಗೆ ಹಂಚಿದಾಗ ತಿಂಗಳಿಗೆ 10,000 ರೂಪಾಯಿಯೇ ಎಂಬುದು ತಿಳಿಯುತ್ತದೆ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆ, ಜೂನಿನಲ್ಲಿ ಮಕ್ಕಳ ಫೀ, ನಡುವೆ ಮಿರಜಿನ ಆಸ್ಪತ್ರೆ ಎಂಬಂತೆ ಬರುವ ಖರ್ಚುಗಳನ್ನು ಆಯಾ ತಿಂಗಳ ಎದುರು ಮೊದಲೇ ಬರೆದಿಟ್ಟರೆ, ಸಾಲ ಹುಟ್ಟುವ ತಿಂಗಳು ಯಾವುದೆಂದು ಮುಂಚೆಯೇ ಗೊತ್ತಾಗುತ್ತದೆ. ಹಾಲಿನ ಮತ್ತು ಮಜೂರಿಯ ಹಣದಿಂದ ದಿನದ ಖರ್ಚು ನಡೆಸಿ, ಕಬ್ಬಿನ ಹಣವನ್ನು ಸಾಲ ತೀರಿಸಲು ಮೀಸಲಿಡುವುದು ಹೆಚ್ಚು ಮನೆಗಳಿಗೆ ಹೊಂದುವ ಏರ್ಪಾಟು.

ಸಾಲವಿರುವಾಗಲೇ ಒಂದಿಷ್ಟು ಉಳಿತಾಯವೂ ಬೇಕು. 2019ರಲ್ಲಿ ಮತ್ತು 2021ರಲ್ಲಿ ಕೃಷ್ಣೆಯ ಪ್ರವಾಹ ಈ ತಾಲ್ಲೂಕುಗಳ ನದಿತೀರದ ಹೊಲಮನೆಗಳನ್ನು ಮುಳುಗಿಸಿತು. ಅಂಥ ವರ್ಷ ಕೈಯಲ್ಲಿ ಏನೂ ಇಲ್ಲದ ಮನೆ ತೀರಿಸಿದ ಸಾಲಕ್ಕೇ ಮರಳುತ್ತದೆ. ಈ ಹಣವನ್ನು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಇಡುವುದು ಲೇಸು, ಏಕೆಂದರೆ 5 ಲಕ್ಷ ರೂಪಾಯಿವರೆಗಿನ ಠೇವಣಿ ವಿಮೆ ಬ್ಯಾಂಕುಗಳಿಗಿದೆಯೇ ಹೊರತು ಪತ್ತಿನ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಇಲ್ಲ.

ಕೇಳುವ ಹಕ್ಕು

ಕಾಯಕದಿಂದ ಆಯ್ದು ತಂದ ಅಕ್ಕಿ ಅಗತ್ಯಕ್ಕಿಂತ ಹೆಚ್ಚಾದಾಗ ಅದನ್ನು ಹಿಂದಿರುಗಿಸುವಂತೆ ಗಂಡ ಮಾರಯ್ಯನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನನ್ನು ಕನ್ನಡನಾಡು ಶತಮಾನಗಳಿಂದ ಗೌರವಿಸುತ್ತ ಬಂದಿದೆ. ಮನೆಗೆ ಏನು ಬಂತು, ಏಕೆ ಬಂತು ಎಂದು ಹೆಂಡತಿ ಕೇಳುವುದನ್ನು ಆ ಪರಂಪರೆ ಉದ್ಧಟತನವೆಂದು ನೋಡಲಿಲ್ಲ. ಇಂದಿನ ಸಂಸಾರದಲ್ಲಿ ಅದೇ ಹಕ್ಕು ಎರಡೂ ಕಡೆಗಿರಬೇಕು: ಗೃಹಲಕ್ಷ್ಮಿಯ 2,000 ರೂಪಾಯಿಯ ಲೆಕ್ಕ ಕೇಳುವ ಗಂಡ ತನ್ನ ಕೈಗಡದ ಲೆಕ್ಕವನ್ನೂ ತೆರೆದಿಡಬೇಕು. ಬಜೆಟ್ ಒಬ್ಬರು ಇನ್ನೊಬ್ಬರ ಮೇಲೆ ನಡೆಸುವ ತಪಾಸಣೆಯಾದರೆ ಸಾಲ ಮತ್ತೆ ಮುಚ್ಚಿಡುವ ವಿಷಯವಾಗುತ್ತದೆ. ಆದ್ದರಿಂದ ಲೆಕ್ಕ ಕೇಳದ ಸಣ್ಣ ಮೊತ್ತವೊಂದನ್ನು ಇಬ್ಬರಿಗೂ ಸಮನಾಗಿ ಬಿಡುವುದು ಒಳ್ಳೆಯದು.

ವಸೂಲಿಗೆ ಬರುವವರನ್ನು ಎದುರಿಸುವಾಗಲೂ ಈ ಒಗ್ಗಟ್ಟು ಬೇಕು. ಮೈಕ್ರೋಫೈನಾನ್ಸ್ ಕಂತಿಗಾಗಿ ಬೆಳಿಗ್ಗೆ 9ಕ್ಕೆ ಮುಂಚೆ ಮತ್ತು ಸಂಜೆ 6ರ ನಂತರ ಸಾಲಗಾರರಿಗೆ ಕರೆ ಮಾಡುವುದನ್ನು ರಿಸರ್ವ್ ಬ್ಯಾಂಕಿನ ನಿಯಮ ತಡೆಯುತ್ತದೆ. ಕಿರುಸಾಲ ವಸೂಲಿಯ ಕಿರುಕುಳದ ವಿರುದ್ಧ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾನೂನನ್ನೂ ತಂದಿದೆ. ಆದರೆ ಗಂಡನಿಗೆ ಗೊತ್ತಾದೀತೆಂದು ಅಂಜುವ ಹೆಂಡತಿ, ಹೆಂಡತಿಗೆ ಗೊತ್ತಾದೀತೆಂದು ಅಂಜುವ ಗಂಡ ಈ ರಕ್ಷಣೆಯನ್ನು ಕೇಳಲಾರರು. ಯಾರ ಹೆಸರಿನಲ್ಲೇ ಆಗಲಿ, ಇಬ್ಬರಿಗೂ ತಿಳಿಯದೆ ಹೊಸ ಸಾಲಕ್ಕೆ ಸಹಿ ಬೀಳಕೂಡದು ಎಂಬ ಒಂದೇ ನಿಯಮವನ್ನು ಮನೆ ಪಾಲಿಸಿದರೂ ಹಳೆಯ ಸಾಲ ಬೆಳೆಯುವುದು ನಿಲ್ಲುತ್ತದೆ, ಮುಂದಿನ ಕಬ್ಬಿನ ಬಿಲ್ಲು ಬಡ್ಡಿಗಲ್ಲದೆ ಅಸಲಿಗೆ ಸಲ್ಲಲು ಆಗ ಸಾಧ್ಯವಾಗುತ್ತದೆ.