ಪೋಸ್ಟ್‌ಗ್ರೆಸ್ ಜೊತೆಗೆ ಏನೇನು ಬರಬೇಕು?

ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್‌ನ ಮೂಲ ಕೋಡ್‌ನಲ್ಲಿ ‘ಕಾಂಟ್ರಿಬ್’ ಎಂಬ ಫೋಲ್ಡರ್ ಇದೆ. ಎಲ್ಲರಿಗೂ ಬೇಕಾಗದ, ಆದರೆ ಬೇಕಾದವರಿಗೆ ಕೈಗೆಟುಕಬೇಕಾದ ಮಾಡ್ಯೂಲ್‌ಗಳ ಜಾಗ ಅದು. ಯಾವ ಕ್ವೆರಿ ಎಷ್ಟು ಸಮಯ ನುಂಗುತ್ತಿದೆ ಎಂದು ತೋರಿಸುವ ‘ಪಿಜಿ_ಸ್ಟಾಟ್_ಸ್ಟೇಟ್‌ಮೆಂಟ್ಸ್’ ಸಿಗುವುದು ಅಲ್ಲೇ.

ಒಳಗೆ ಸೇರಿಸಿದ್ದನ್ನು ಪ್ರತಿ ಬಿಡುಗಡೆಗೂ ಪರೀಕ್ಷಿಸಬೇಕು, 5 ವರ್ಷ ದೋಷ ತಿದ್ದುತ್ತಿರಬೇಕು. ಅದು ಸಣ್ಣ ಹೊರೆಯಲ್ಲ. ನಕ್ಷೆ, ಸ್ಥಳಗಳ ಲೆಕ್ಕಾಚಾರಕ್ಕೆ ಬಳಸುವ ಪೋಸ್ಟ್‌ಜಿಐಎಸ್ ಎಷ್ಟೇ ಜನಪ್ರಿಯವಾದರೂ ಹೊರಗೇ ಇದೆ: ಅದರ ಲೈಸೆನ್ಸ್ ಬೇರೆ, ಜಿಪಿಎಲ್; ಜೊತೆಗೆ ಜಿಯೋಸ್, ಪ್ರೋಜ್ ಲೈಬ್ರರಿಗಳೂ ಅದಕ್ಕೆ ಬೇಕು. ಹೊರಗಿರುವುದೇ ಸರಿ, ತನ್ನದೇ ವೇಗದಲ್ಲಿ ಹೊಸ ಆವೃತ್ತಿ ತರಬಹುದು.

ಪಠ್ಯ ಹುಡುಕಾಟದ ಕಥೆ ಬೇರೆ. ಕಾಂಟ್ರಿಬ್‌ನಲ್ಲಿದ್ದ ‘ಟಿಸರ್ಚ್2’ರ ಕೆಲಸ 2008ರಲ್ಲಿ, 8.3ನೇ ಆವೃತ್ತಿಯಲ್ಲಿ, ಡೇಟಾಬೇಸ್‌ನ ಒಡಲಿಗೇ ಸೇರಿತು. ಹಳೆಯ ಮಾಡ್ಯೂಲನ್ನು 2017ರ 10ನೇ ಆವೃತ್ತಿಯಲ್ಲಿ ತೆಗೆದುಹಾಕಲಾಯಿತು.