ಐವತ್ತರ ನಂತರ ಬಣ್ಣ

ಬಿ.ಎ. ಇಂಗ್ಲಿಷ್ ಓದಿಯೂ ಬ್ಯಾಂಕಿನ ಕೌಂಟರ್ ಮುಂದೆ ನಿಮ್ಮ ಗಂಟಲು ಕಟ್ಟುತ್ತದೆಯೇ? ನನಗಂತೂ ಕಟ್ಟುತ್ತಿತ್ತು. ಮಕರಪುರದಲ್ಲಿ ನನ್ನ ಪರವಾಗಿ ಯಾವಾಗಲೂ ನಮ್ಮವರದೇ ಮಾತು. ಅವರೇ ಹಾಸಿಗೆ ಹಿಡಿದಾಗ ಡಾಕ್ಟರನ್ನು ಒಂದು ಪ್ರಶ್ನೆ ಕೇಳಲೂ ನನಗೆ ಬಾಯಿ ಬರಲಿಲ್ಲ.

ಆ ವರ್ಷ ರಾಜ್ಯೋತ್ಸವಕ್ಕೆ ಸಂಘದವರು ಕೈಲಾಸಂ ಅವರ ‘ಟೊಳ್ಳುಗಟ್ಟಿ’ ಆಡಿಸಿದರು. ನನಗೂ ಒಂದು ಪುಟ್ಟ ಪಾತ್ರ ಸಿಕ್ಕಿತು. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಊರಿನವರನ್ನೇ ರಂಗಕ್ಕೆ ಹತ್ತಿಸಿತಲ್ಲ, ನಾವೇನು ಕಮ್ಮಿ? ತಾಲೀಮಿನಲ್ಲಿ ಹೇಳಿಕೊಟ್ಟದ್ದು ಇಷ್ಟೇ: ಮೊದಲು ಹೊಟ್ಟೆಯಿಂದ ಉಸಿರು, ಆಮೇಲೆ ಮಾತು, ಕೊನೆಯ ಶಬ್ದ ನುಂಗಬೇಡಿ. ನನ್ನ ರೋಗವೇ ಅದು! ಕನ್ನಡದ ‘ಬೇಕು’, ‘ಬೇಡ’, ಗುಜರಾತಿಯ ‘ನಥಿ’ ಎಲ್ಲ ಕೊನೆಗೇ ತಾನೇ ಬರುವುದು?

ಮೊನ್ನೆ ಡಾಕ್ಟರ ಮುಂದೆ ಉಸಿರೆಳೆದು, “ಈ ಮಾತ್ರೆ ಇನ್ನೆಷ್ಟು ದಿನ?” ಎಂದು ಗುಜರಾತಿಯಲ್ಲೇ ಕೇಳಿದೆ. ಅವರು ಪೆನ್ನು ಕೆಳಗಿಟ್ಟು ಉತ್ತರಿಸಿದರು. ಪಕ್ಕದಲ್ಲಿ ನಮ್ಮವರು ಸುಮ್ಮನೆ ಕುಳಿತಿದ್ದರು.