ಸ್ಫಟಿಕದಿಂದ ಟೆರಾಹರ್ಟ್ಸ್ ತರಂಗಗಳು

ವಿದ್ಯುತ್ಕಾಂತ ತರಂಗಗಳ ಶ್ರೇಣಿಯಲ್ಲಿ ರೇಡಿಯೋ ತರಂಗಗಳು ಮುಗಿದು ಅವಕೆಂಪು ಕಿರಣಗಳು ಮೊದಲಾಗುವ ಎಡೆಯಲ್ಲಿ ಬಹುಕಾಲ ಬೀಳುಬಿದ್ದಿದ್ದ ಒಂದು ಪಟ್ಟಿಯಿದೆ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕಂಪನಗಳಾದರೆ ಅದು ಒಂದು ಟೆರಾಹರ್ಟ್ಸ್. ಸುಮಾರು 0.1ರಿಂದ 10 ಟೆರಾಹರ್ಟ್ಸ್‌ವರೆಗಿನ, ಎಂದರೆ 3 ಮಿಲಿಮೀಟರಿನಿಂದ 30 ಮೈಕ್ರಾನಿನವರೆಗೆ ತರಂಗದೂರವುಳ್ಳ ಭಾಗವೇ ಈ ಪಟ್ಟಿ. 1895ರ ಸುಮಾರಿನಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಕೆಲವೇ ಮಿಲಿಮೀಟರ್ ತರಂಗದೂರದ ಅಲೆಗಳನ್ನು ಉಂಟುಮಾಡಿ ಒಂದು ಕಡೆಯಿಂದ ಇದರ ಗಡಿಯನ್ನು ಸಮೀಪಿಸಿದರು. ಬರ್ಲಿನ್ನಿನಲ್ಲಿ ರೂಬೆನ್ಸರೂ ಅವರ ಸಹೋದ್ಯೋಗಿಗಳೂ ಉಷ್ಣಕಿರಣಗಳ ಕಡೆಯಿಂದ ಒಳಹೊಕ್ಕರು. ಆದರೆ ಪಾದರಸದ ದೀಪದಂತಹ ಆಕರಗಳಿಂದ ಬರುವ ಕಿರಣ ಅತಿ ಕ್ಷೀಣವಾದುದು. ನಾನಾ ಆವರ್ತಾಂಕಗಳು ಅದರಲ್ಲಿ ಬೆರೆತಿರುತ್ತವೆ. ಬೇಕಾದ ಒಂದು ಆವರ್ತಾಂಕವನ್ನು ಆರಿಸಿ, ಸಾಕಷ್ಟು ಬಲವಾಗಿ ಪಡೆಯುವುದು ಹೇಗೆಂಬುದೇ ಪ್ರಶ್ನೆಯಾಗಿತ್ತು.

ಆರಿಸಿಕೊಳ್ಳುವ ಈ ಸೌಕರ್ಯ ಏತಕ್ಕೆಂದು ವಾಚಕರು ಕೇಳಬಹುದು. ಅನೇಕ ಘನವಸ್ತುಗಳು ಈ ಪಟ್ಟಿಯಲ್ಲಿ ತಮಗೆ ವಿಶಿಷ್ಟವಾದ ಆವರ್ತಾಂಕಗಳನ್ನು ಮಾತ್ರ ಹೀರಿಕೊಳ್ಳುತ್ತವೆ. ಕಾಗದವಾದರೋ ಈ ಅಲೆಗಳಿಗೆ ಬಹುಮಟ್ಟಿಗೆ ಪಾರದರ್ಶಕ. 2003ರಲ್ಲಿ ಜಪಾನಿನ ಕವಾಸೆ ಮತ್ತು ಅವರ ಸಂಗಡಿಗರು ಟಪಾಲು ಲಕೋಟೆಯನ್ನು ಒಡೆಯದೆಯೇ ಅದರೊಳಗೆ ಅಡಗಿಸಿದ ಮಾದಕದ್ರವ್ಯಗಳನ್ನು ಆಸ್ಪಿರಿನ್ನಿನಿಂದ ಬೇರ್ಪಡಿಸಿ ಗುರುತಿಸಿ ತೋರಿಸಿದರು. ಒಂದೇ ಆವರ್ತಾಂಕದ ಆಕರದಿಂದ ಇದು ಸಾಧ್ಯವಾಗುತ್ತಿರಲಿಲ್ಲ.

ಇಲ್ಲಿ ಸ್ಫಟಿಕದ ಕೆಲಸವೇನು? ಶ್ರುತಿ ತುಸು ತಪ್ಪಿದ ಎರಡು ತಂಬೂರಿಯ ತಂತಿಗಳನ್ನು ಒಟ್ಟಿಗೆ ಮೀಟಿದರೆ ನಾದವು ಏರಿಳಿಯುವುದನ್ನು ನಾವೆಲ್ಲರೂ ಕೇಳಿದ್ದೇವೆ. ಆ ಏರಿಳಿತದ ವೇಗ ಎರಡು ಆವರ್ತಾಂಕಗಳ ವ್ಯತ್ಯಾಸಕ್ಕೆ ಸಮ. ಆದರೆ ಗಾಳಿಯಲ್ಲಿ ಆ ವ್ಯತ್ಯಾಸಕ್ಕೆ ತಕ್ಕ ಪ್ರತ್ಯೇಕ ಸ್ವರವೇನೂ ಹುಟ್ಟುವುದಿಲ್ಲ. ಬೆಳಕಿನ ವಿಷಯದಲ್ಲಿ, ಕೆಲವು ಸ್ಫಟಿಕಗಳು ಆ ಏರಿಳಿತವನ್ನೇ ಒಂದು ಹೊಸ ತರಂಗವನ್ನಾಗಿ ಹೊರಸೂಸಬಲ್ಲವು. ಸಾಧಾರಣ ಬೆಳಕಿನಲ್ಲಿ ಸ್ಫಟಿಕದೊಳಗಿನ ವಿದ್ಯುದಾವೇಶಗಳ ಕದಲಿಕೆಯು ಬೆಳಕಿನ ಕ್ಷೇತ್ರಕ್ಕೆ ನೇರ ಅನುಪಾತದಲ್ಲಿರುತ್ತದೆ. ಲೇಸರಿನ ಪ್ರಬಲ ಕ್ಷೇತ್ರದಲ್ಲಿ ಈ ಅನುಪಾತ ಕೆಡುತ್ತದೆ. ಅರೇಖೀಯ ಗುಣವೆಂದು ಕರೆಯುವುದು ಇದನ್ನೇ. ಸಮಮಿತಿಯ ಕೇಂದ್ರವಿಲ್ಲದ ಸ್ಫಟಿಕಗಳಿಗೆ ಮಾತ್ರ ಈ ಕಾರ್ಯ ಒದಗುತ್ತದೆ. 1064 ಮತ್ತು 1069.7 ನ್ಯಾನೋಮೀಟರಿನ ಎರಡು ಕಿರಣಗಳ ಆವರ್ತಾಂಕಗಳಲ್ಲಿರುವ ವ್ಯತ್ಯಾಸ 1.5 ಟೆರಾಹರ್ಟ್ಸ್. 1965ರಲ್ಲಿ ಜರ್ನಿಕೆ ಮತ್ತು ಬರ್ಮನ್ನರು ಕ್ವಾರ್ಟ್ಜ್ ಸ್ಫಟಿಕದಲ್ಲಿ ಇದೇ ತತ್ತ್ವದಿಂದ ದೂರದ ಅವಕೆಂಪು ಕಿರಣವನ್ನು ಪಡೆದರು.

ಲಿಥಿಯಂ ನಯೋಬೇಟ್ ಸ್ಫಟಿಕದಲ್ಲಿ ಎರಡನೆಯ ಲೇಸರ್ ಕೂಡ ಬೇಕಿಲ್ಲ. ಪ್ರಬಲವಾದ ಒಂದೇ ಪಂಪು ಕಿರಣವನ್ನು ಹಾಯಿಸಿದರೆ ಅದರ ಒಂದೊಂದು ಫೋಟಾನು ಎರಡಾಗಿ ಒಡೆಯಬಹುದು: ಒಂದು ಟೆರಾಹರ್ಟ್ಸ್ ಫೋಟಾನು, ಉಳಿದ ಶಕ್ತಿಯನ್ನು ಹೊತ್ತ ಇನ್ನೊಂದು ಸಹಚರ ಫೋಟಾನು. ಶಕ್ತಿಯಂತೆ ಸಂವೇಗವೂ ಉಳಿಯಬೇಕಷ್ಟೆ. ಈ ಸ್ಫಟಿಕದ ವಕ್ರೀಭವನಾಂಕ ಲೇಸರ್ ಬೆಳಕಿಗೆ ಸುಮಾರು 2.2, ಟೆರಾಹರ್ಟ್ಸ್ ಅಲೆಗೆ ಸುಮಾರು 5.2. ಆದ್ದರಿಂದ ಮೂರು ಕಿರಣಗಳೂ ಒಂದೇ ದಾರಿಯಲ್ಲಿ ಸಾಗಿದರೆ ಟೆರಾಹರ್ಟ್ಸ್ ಅಲೆಯು ಹಿಂದೆಬಿದ್ದು, ಒಂದೆಡೆ ಹುಟ್ಟಿದ್ದನ್ನು ಇನ್ನೊಂದೆಡೆ ಹುಟ್ಟಿದ್ದು ಅಳಿಸಿಹಾಕುತ್ತದೆ. ಮೂರು ಸಂವೇಗಗಳು ಒಂದು ತ್ರಿಕೋನವಾಗಿ ಕೂಡಿಕೊಂಡರೆ ಮಾತ್ರ ಹೊಂದಿಕೆಯಾಗುತ್ತದೆ. ಲೆಕ್ಕಮಾಡಿ ನೋಡಿದರೆ ಟೆರಾಹರ್ಟ್ಸ್ ಅಲೆಯು ಪಂಪು ಕಿರಣದಿಂದ ಸುಮಾರು 65 ಡಿಗ್ರಿ ಓರೆಯಾಗಿ ಹೊರಡುತ್ತದೆ; ಸಹಚರ ಕಿರಣವಾದರೋ ತೀರ ಅಲ್ಪವಾಗಿ ವಾಲುತ್ತದೆ. ಸ್ಫಟಿಕದ ಹೊರಗೆ ಅಳೆದಾಗ ಈ ವಾಲಿಕೆ 1 ಟೆರಾಹರ್ಟ್ಸ್‌ಗೆ ಸುಮಾರು 1 ಡಿಗ್ರಿ, 2 ಟೆರಾಹರ್ಟ್ಸ್‌ಗೆ ಸುಮಾರು 2 ಡಿಗ್ರಿ. ಸಹಚರ ಕಿರಣವು ಎರಡು ಕನ್ನಡಿಗಳ ನಡುವೆ ಹಿಂದುಮುಂದಾಗಿ ಓಡಾಡುವಂತೆ ಏರ್ಪಡಿಸಿ, ಕನ್ನಡಿಗಳ ಪೀಠವನ್ನು ಒಂದೇ ಒಂದು ಡಿಗ್ರಿ ತಿರುಗಿಸಿದರೆ ಆವರ್ತಾಂಕವು ಇಮ್ಮಡಿಯಾಗುತ್ತದೆ. ಉಪಕರಣದ ಸೊಗಸೆಲ್ಲ ಇಷ್ಟರಲ್ಲಿದೆ.

ತೊಡಕುಗಳೂ ಉಂಟು. ಈ ಕ್ರಿಯೆಗೆ ಬಲ ಕೊಡುವುದು ಸ್ಫಟಿಕ ಜಾಲಕದ ಕಂಪನ, ಅದರಲ್ಲಿಯೂ 7.5 ಟೆರಾಹರ್ಟ್ಸ್ ಸಮೀಪದ ಕಂಪನ. 1928ರಲ್ಲಿ ರಾಮನ್ನರು ಪ್ರಕಟಿಸಿದ ಪರಿಣಾಮಕ್ಕೂ ಇದಕ್ಕೂ ನಿಕಟ ಸಂಬಂಧವಿದೆ. ಆದರೆ ಅದೇ ಕಂಪನವು ಹುಟ್ಟಿದ ಅಲೆಯನ್ನು ಹೀರಿಕೊಳ್ಳಲೂ ಕಾರಣ. ಕೊಟ್ಟ ಕೈಯೇ ಕಿತ್ತುಕೊಂಡಂತೆ! ಹೀಗಾಗಿ ಲಿಥಿಯಂ ನಯೋಬೇಟಿನಿಂದ ಅನುಕೂಲವಾಗಿ ಪಡೆಯಬಹುದಾದದ್ದು ಸುಮಾರು 1ರಿಂದ 3 ಟೆರಾಹರ್ಟ್ಸ್ ಮಾತ್ರ. ಉಳಿದ ಅಲೆಯೂ ಸುಲಭವಾಗಿ ಹೊರಬರುವುದಿಲ್ಲ. ಪಕ್ಕದ ಮೈಗೆ ಅದು ಬಂದು ತಾಗುವ ಕೋನ 25 ಡಿಗ್ರಿ. ಗಾಳಿಗೆ ದಾಟಬೇಕಾದರೆ 11 ಡಿಗ್ರಿಯನ್ನು ಮೀರಬಾರದು. ಅದು ಪೂರ್ಣವಾಗಿ ಒಳಕ್ಕೇ ಪ್ರತಿಫಲಿಸಿಬಿಡುತ್ತದೆ. ಮೈಗೆ ಸಿಲಿಕಾನ್ ಪಟ್ಟಕಗಳನ್ನು ಒತ್ತಿದರೆ, ಸಿಲಿಕಾನಿನ ವಕ್ರೀಭವನಾಂಕ 3.4 ಆಗಿರುವುದರಿಂದ, ಈ ಮಿತಿ 40 ಡಿಗ್ರಿಗೂ ಮೇಲಕ್ಕೆ ಏರಿ ಅಲೆಯು ಹೊರಬೀಳುತ್ತದೆ. ಇನ್ನು ಒಂದು ಮಿತಿಯನ್ನು ಯಾವ ಕೌಶಲವೂ ಮೀರಲಾರದು. ಪಂಪಿನ ಫೋಟಾನಿನ ಆವರ್ತಾಂಕ 282 ಟೆರಾಹರ್ಟ್ಸ್. ಪ್ರತಿಯೊಂದು ಫೋಟಾನೂ ಒಮ್ಮೆ ಒಡೆದರೂ 1 ಟೆರಾಹರ್ಟ್ಸ್ ಅಲೆಗೆ ಸಲ್ಲುವುದು ಶಕ್ತಿಯ 282ರಲ್ಲಿ ಒಂದು ಪಾಲು.

ಹಾಗಾದರೆ ಪಂಪಿನ ಬಲವನ್ನೇ ಹೆಚ್ಚಿಸೋಣವೆಂದು ನಾವೂ ಯೋಚಿಸಿದೆವು. ಕಿರಣವನ್ನು ಕಿರಿದುಗೊಳಿಸಿದ ಮೊದಲ ದಿನವೇ ಸ್ಫಟಿಕದ ಮುಂಭಾಗದಲ್ಲಿ ಒಂದು ಬಿಳಿಯ ಚುಕ್ಕೆ ಮೂಡಿತು. ಮರುದಿನ ಅದು ಬಿರುಕಾಯಿತು. ಎರಡನೆಯ ಸ್ಫಟಿಕಕ್ಕಾಗಿ ಮುಂದಿನ ವರ್ಷದ ಅನುದಾನದವರೆಗೆ ಕಾಯಬೇಕಾಯಿತು. ಅದು ಬಂದ ಮೇಲೆ, ಮಳೆಗಾಲದಲ್ಲಿ, 1.67 ಟೆರಾಹರ್ಟ್ಸ್ ಬಳಿ ಸೂಚಕವು ಸೊನ್ನೆಗಿಳಿಯುವುದನ್ನು ಕಂಡು ಇದೂ ಕೆಟ್ಟಿತೆಂದೇ ಎದೆಗುಂದಿದೆವು. ಕೆಟ್ಟಿದ್ದು ಸ್ಫಟಿಕವಲ್ಲ, ಕೋಣೆಯ ಗಾಳಿಯ ನೀರಾವಿಯು ಆ ಆವರ್ತಾಂಕವನ್ನು ತೀವ್ರವಾಗಿ ಹೀರುತ್ತದೆ. ಕಿರಣದ ದಾರಿಯನ್ನು ಪೆಟ್ಟಿಗೆಯಲ್ಲಿ ಮುಚ್ಚಿ ಒಣಗಾಳಿ ತುಂಬಿದೊಡನೆ ತಗ್ಗು ಮಾಯವಾಯಿತು. ಈಗ ನಾವು ಪ್ರತಿ ಪ್ರಯೋಗಕ್ಕೂ ಮೊದಲು ಪೆಟ್ಟಿಗೆಯನ್ನು ಬೇಕೆಂದೇ ತುಸು ತೆರೆದಿಟ್ಟು, ಈ ತಗ್ಗು ಎಲ್ಲಿ ಬೀಳುವುದೆಂದು ನೋಡಿ, ಕನ್ನಡಿಗಳ ಕೋನಕ್ಕೆ ಗುರುತು ಹಾಕಿಕೊಳ್ಳುತ್ತೇವೆ.

ಬೇರೆ ಸ್ಫಟಿಕಗಳೂ ಇವೆ. ಗ್ಯಾಲಿಯಂ ಸೆಲಿನೈಡ್ ಸ್ಫಟಿಕವನ್ನೇ ತಿರುಗಿಸಿ 0.18ರಿಂದ 5.27 ಟೆರಾಹರ್ಟ್ಸ್‌ವರೆಗೆ ಪಡೆದ ವರದಿ 2002ರಲ್ಲಿ ಪ್ರಕಟವಾಯಿತು. ಆದರೆ ಅದು ಅಭ್ರಕದಂತೆ ಪದರಪದರವಾಗಿ ಸೀಳುವ ಮೃದುವಾದ ವಸ್ತು. ಬೇಕಾದ ಕೋನಕ್ಕೆ ಕೊಯ್ದು ನಯಗೊಳಿಸುವುದು ಕಷ್ಟ. ಸದ್ಯಕ್ಕೆ ನಾವು ಲಿಥಿಯಂ ನಯೋಬೇಟನ್ನೇ ನೆಚ್ಚಿಕೊಂಡಿದ್ದೇವೆ.